ದರ್ಜಿ ಕಾಕಾ ತೆಗೆದುಹಾಕಿದ ಅಧ್ಯಾಯ

ಮೊನ್ನೆ ಸೊಸೆ ಹಳೆಯ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟಳು. ಪಡಸಾಲೆಯ ತುಂಬ ಆ ಘಾಟು ವಾಸನೆ ಹರಡಿತು. ಓದುತ್ತಿದ್ದ ಪೇಪರ್ ಕೆಳಗಿಟ್ಟೆ. ಐವತ್ತರ ದಶಕದ ರೋಣ, ನಮ್ಮ ಓಣಿ, ಮನೆಯ ಎದುರಿಗಿದ್ದ ತಗಡಿನ ಮಾಡಿನ ಅಂಗಡಿ… ಅದರೊಳಗೆ ಮಷಿನ್ನಿನ ಮೇಲೆ ಬಗ್ಗಿ ಕೂತ ದರ್ಜಿ ಕಾಕಾ.

ಊರಿಗೆಲ್ಲ ಅವರು ದರ್ಜಿ. ಅವರು ಕಾದಂಬರಿ ಬರೆಯುತ್ತಾರೆಂಬುದು ಗೊತ್ತಿದ್ದವರು ಕಡಿಮೆ, ಗೊತ್ತಿದ್ದವರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಒಬ್ಬನಿಗೆ ಪಾರಿವಾಳ ಸಾಕುವ ಹುಚ್ಚು, ಒಬ್ಬನಿಗೆ ಭಜನೆಯ ಹುಚ್ಚು, ಇವರಿಗೆ ಇದು, ಅಷ್ಟೇ. ಉರ್ದು ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಓದಿ ಬಿಟ್ಟವರು. ಕನ್ನಡ ಅಕ್ಷರ ಆಮೇಲೆ ತಾವಾಗಿ ಕಲಿತದ್ದು. ಒತ್ತಕ್ಷರ ಬಂದಲ್ಲೆಲ್ಲ ಅವರಿಗೆ ಅನುಮಾನ. ನಾನು ಮದುವೆಯಾಗಿ ಆ ಓಣಿಗೆ ಬಂದಾಗ, ಹುಡುಗಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಾಳೆ ಎಂದು ಯಾರೋ ಹೇಳಿದ್ದಾರೆ. ಒಂದು ದಿನ ಅವರ ಹೆಂಡತಿ ಕುಪ್ಪಸದ ಖಣದೊಳಗೆ ಎರಡು ಗೆರೆಯ ವಹಿಯೊಂದನ್ನು ಸುತ್ತಿಕೊಂಡು ಬಂದು, ನಮ್ಮ ಅತ್ತಿಯ ಕಿವಿಗೆ ಬೀಳದ ಹಾಗೆ ಪಿಸುಗುಟ್ಟಿದರು: “ತಪ್ಪು ಇದ್ದಲ್ಲಿ ಪೆನ್ಸಿಲ್ಲಿನಿಂದ ತಿದ್ದಬೇಕಂತವ್ವಾ. ನಮ್ಮವರು ಹೇಳ್ಯಾರ.”

ಆ ಮನೆಯಲ್ಲಿ ನನಗೆ ಓದಲಿಕ್ಕೆ ಏನೂ ಇರಲಿಲ್ಲ. ಆ ವಹಿಯನ್ನು ಒಂದೇ ದಿನದಲ್ಲಿ ಓದಿ ಮುಗಿಸಿದೆ. ತಿದ್ದುವುದನ್ನು ಮರೆತು ಮತ್ತೆ ಮೊದಲಿನಿಂದ ಓದಬೇಕಾಯಿತು.

ಮೂರು ನಾಲ್ಕು ವರ್ಷ ಅವರ ಬರವಣಿಗೆಯನ್ನು ಹತ್ತಿರದಿಂದ ಕಂಡೆ. ರೈತನಿಗೆ ಇದ್ದ ಹಾಗೆ ಅವರಿಗೂ ಒಂದು ಹಂಗಾಮು ಇತ್ತು. ಚೈತ್ರದಿಂದ ಲಗ್ನದ ಬಟ್ಟೆ. ಆ ವರ್ಷಗಳಲ್ಲಿ ರಂಜಾನ್ ಹಬ್ಬವೂ ಅದೇ ದಿನಗಳಲ್ಲಿ ಬರುತ್ತಿದ್ದುದರಿಂದ ಉಪವಾಸದ ಬಾಯಲ್ಲೇ ಮಷಿನ್ ತುಳಿಯುತ್ತಿದ್ದರು. ಆಗ ಒಂದಕ್ಷರ ಬರೆಯುತ್ತಿರಲಿಲ್ಲ. “ಈಗ ಬರೇ ಕಿವಿ ತೆರದಿಡೂದು ಯವ್ವಾ” ಎನ್ನುತ್ತಿದ್ದರು. ಅಳತೆ ಕೊಡಲು ನಿಂತ ಮನುಷ್ಯ ಸುಮ್ಮನೆ ನಿಲ್ಲುವುದಿಲ್ಲ, ಏನಾದರೂ ಮಾತಾಡುತ್ತಾನಂತೆ. ಆಷಾಢ ಬಂತೆಂದರೆ ಲಗ್ನವಿಲ್ಲ, ಜನ ಎಲ್ಲ ಹೊಲದಲ್ಲಿ, ಅಂಗಡಿ ಖಾಲಿ. ಆಗ ಬರೆಯಲು ಕೂಡುತ್ತಿದ್ದರು. ಮಳೆ ತಗಡಿನ ಮೇಲೆ ಬಡಿಯುವಾಗ ಕತ್ತರಿಸುವ ಹಲಗೆಯ ಮೇಲೆಯೇ ವಹಿ. ನಾಗರ ಪಂಚಮಿಗೆ ಎಂಟು ದಿನ ಮೊದಲು ಕುಪ್ಪಸದ ಗದ್ದಲ, ಮತ್ತೆ ಬರವಣಿಗೆ. ನವರಾತ್ರಿಯ ಹೊತ್ತಿಗೆ ಬರೆದದ್ದೆಲ್ಲ ಟ್ರಂಕಿನ ತಳಕ್ಕೆ. ದೀಪಾವಳಿ ದಾಟಿ ಚಳಿ ಬಿದ್ದ ಮೇಲೆ ಅದನ್ನು ತೆಗೆದು ಹೆಂಡತಿಗೆ ಓದಿ ಹೇಳುವುದು. ನಾವು ಕಾಕು ಎನ್ನುತ್ತಿದ್ದ ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಸುಳ್ಳು ಎಲ್ಲಿದೆ ಎಂಬುದು ಗೊತ್ತಾಗುತ್ತಿತ್ತು. “ಇಲ್ಲಿ ಆಕಿ ಹಂಗ ಅನ್ನಂಗಿಲ್ಲ ಬಿಡ್ರಿ” ಎಂದರೆ ಕಾಕಾ ಆ ಪುಟ ಹೊಡೆದುಹಾಕುವರು. ಸುಗ್ಗಿಯ ದಿನಗಳಲ್ಲಿ ಸ್ವಚ್ಛ ಪ್ರತಿ. ಶಿವರಾತ್ರಿಯೊಳಗೆ ಧಾರವಾಡದ ಪ್ರಕಾಶಕರಿಗೆ ಪಾರ್ಸಲ್. ಚೈತ್ರ ಬಂದರೆ ಮತ್ತೆ ಲಗ್ನದ ಬಟ್ಟೆ.

ನಾನು ಹೇಳಬೇಕೆಂದಿರುವುದು ಒಂದು ಆಷಾಢದಿಂದ ಶುರುವಾಗುತ್ತದೆ.

ಆ ಸಲದ ಕಥೆಯಲ್ಲಿ ಒಬ್ಬ ಹೆಣ್ಣುಮಗಳು ಗಂಡನ ಮನೆ ಬಿಟ್ಟು ತವರಿಗೆ ಬರುತ್ತಾಳೆ. ಕಾಕಾ ಅಲ್ಲಿಗೆ ಬಂದು ಸಿಕ್ಕಿಬಿದ್ದಿದ್ದರು. “ಯಾಕ ಬರ್ತಾಳ ಅಂಬೂದು ನನಗ ತಿಳೀವಲ್ದು. ಹೊಡದ್ರು, ಬಡದ್ರು ಅಂದ್ರ ಎಲ್ಲಾರೂ ಬರಿಯೂದ ಆತು. ಹೊಡೀದನ ಒಬ್ಬಾಕಿ ಯಾಕ ಬರಬೇಕು?”

ಉತ್ತರ ನನ್ನ ಹತ್ತಿರ ಇತ್ತು. ನಮ್ಮ ಮನೆಯಲ್ಲೇ ಇತ್ತು.

ನನ್ನ ನಾದಿನಿಯನ್ನು ಹೊಳೆಮಣ್ಣೂರಿಗೆ ಕೊಟ್ಟಿದ್ದರು. ಹಿಂದಿನ ವರ್ಷದ ಮಳೆಗಾಲದಲ್ಲಿ ಒಂದು ಸಂಜಿ, ಯಾರೂ ಕರೆತರದೆ, ಒಬ್ಬಳೇ ನಡೆದು ಮನೆಗೆ ಬಂದಿದ್ದಳು. ಮೊಣಕಾಲ ತನಕ ಎರೆಮಣ್ಣು. ಅತ್ತಿ ಓಣಿಗೆಲ್ಲ “ಪಂಚಮಿಗೆ ಬಂದಾಳ” ಎಂದರು. ಪಂಚಮಿ ಹೋಯಿತು, ದೀಪಾವಳಿ ಹೋಯಿತು, ಅವಳು ಹೋಗಲಿಲ್ಲ. ಕಾರಣವನ್ನು ತಾಯಿಗೂ ಹೇಳಲಿಲ್ಲ. ನನಗೊಬ್ಬಳಿಗೆ, ಜೋಳ ಹಸನು ಮಾಡುತ್ತ ಕೂತಾಗ, ಹೇಳಿದ್ದಳು.

“ಹೊಳಿ ಬಂತು ವೈನಿ. ನೀರು ಅಂಗಳಕ್ಕ ಬಂತು. ಮದ್ಲ ಎತ್ತು ಹೊಡಕೊಂಡು ಹ್ವಾದ್ರು. ತಿರುಗಿ ಬಂದು ಜ್ವಾಳದ ಚೀಲ ಹೊತಗೊಂಡು ಹ್ವಾದ್ರು. ಮತ್ತ ಬಂದು ಹಾಸಿಗಿ ಒಯ್ದ್ರು. ನಾ ಕಟ್ಟಿ ಮ್ಯಾಲ ನಿಂತಿದ್ದೆ. ಬೈಲಿಲ್ಲ, ಹೊಡೀಲಿಲ್ಲ, ಏನಿಲ್ಲ. ನನ್ನ ನೆನಪ ಆಗಿರಲಿಲ್ಲ ಅವರಿಗೆ.”

ಇದನ್ನು ನಾನು ಕಾಕಾಗೆ ಹೇಳಿಬಿಟ್ಟೆ. ಯಾಕೆ ಹೇಳಿದೆನೋ… ಅವರಿಗೆ ಉಪಕಾರವಾಗಲಿ ಎಂದೋ, ನನಗೂ ಒಂದು ಕಥೆ ಗೊತ್ತು ಎಂಬ ಹೆಮ್ಮೆಯೋ. ಅವರು ಮಷಿನ್ನಿನ ಗಾಲಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಸಂಕ್ರಾಂತಿ ಕಳೆದು ತಿದ್ದಲು ವಹಿ ನನ್ನ ಕೈಗೆ ಬಂತು. ಆ ಅಧ್ಯಾಯ ಅದರಲ್ಲಿತ್ತು. ಅಂಥದ್ದನ್ನು ನಾನು ಅದಕ್ಕೂ ಮೊದಲು ಓದಿರಲಿಲ್ಲ, ಆಮೇಲೂ ಓದಿದ್ದು ಕಡಿಮೆ. ಕಟ್ಟೆಯ ಮೇಲೆ ನಿಂತವಳಿಗೆ ನೀರು ಏರುವುದಕ್ಕಿಂತ ಮೊದಲು ಏನೇನು ಕಾಣಿಸಿತು ಎಂಬುದನ್ನು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಕಾಕಾಗೆ ಅದು ಗೊತ್ತಿತ್ತು. ಓದಿ ಮುಗಿಸಿದ ಮೇಲೆ ಹೆದರಿಕೆ ಬಂತು. ಹೊಳೆಮಣ್ಣೂರಿನ ಹಿರಿಯರು ಯುಗಾದಿಗೆ ಮಾತಾಡಲು ಬರುವವರಿದ್ದರು, ಅವಳನ್ನು ತಿರುಗಿ ಕಳಿಸುವ ಮಾತು. ಪುಸ್ತಕ ಅಚ್ಚಾಗಿ ಬಂದರೆ? ಹೊಳೆ, ಎತ್ತು, ಚೀಲ… ಯಾರಿಗೆ ಗೊತ್ತಾಗದು? ಮನೆಯ ಮಾತನ್ನು ಹೊರಗೆ ಒಯ್ದವಳು ಯಾರೆಂದು ಅತ್ತಿ ಕೇಳದೆ ಬಿಟ್ಟಾರೆಯೇ?

ಮಧ್ಯಾಹ್ನ ಅಂಗಡಿಗೆ ಹೋದೆ. ಕಾಕಾ ಗುಂಡಿ ಹಚ್ಚುತ್ತಿದ್ದರು.

“ಕಾಕಾರ, ಆ ಹೊಳೀದು ತಗದು ಹಾಕ್ರಿ.”

ಅವರು ತಲೆ ಎತ್ತಿದರು. “ಬರವಣಿಗಿ ಚಲೋ ಆಗಿಲ್ಲೇನು?”

“ಭಾಳ ಚಲೋ ಆಗೇತ್ರಿ. ಅದಕ್ಕ ಹೇಳಾಕತ್ತೀನಿ.”

ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಕೇಳಿದರು: “ಆಕಿ ಹೇಳ್ಯಾಳೇನು, ತಗೀರಿ ಅಂತ?”

ನಾದಿನಿಗೆ ವಹಿಯ ವಿಷಯವೇ ಗೊತ್ತಿರಲಿಲ್ಲ. ನಾನು ಕೆಳಗೆ ನೋಡುತ್ತ ಅಂದೆ: “ಹೌದ್ರಿ. ಆಕೀನ ಹೇಳ್ಯಾಳ.”

“ಹಂಗಾರ ಮುಗೀತು” ಎಂದರು. ಮರುದಿನ ಕಾಕು ಬಂದು, ಹರಿದು ತೆಗೆದ ಹಾಳೆಗಳನ್ನು ನನ್ನ ಕೈಗೆ ಕೊಟ್ಟರು. “ಆ ಹುಡಿಗೀಗೆ ಕೊಡಬೇಕಂತ. ಆಕೀ ಮಾತು, ಆಕೀ ಹತ್ರನ ಇರಲಿ ಅಂದ್ರು.” ನಾನು ಕೊಡಲಿಲ್ಲ. ನೀರು ಕಾಸುವ ಒಲೆಗೆ ಹಾಕಿದೆ.

ಆ ಸಲ ಕಾಕಾ ಶಿವರಾತ್ರಿಯೊಳಗೆ ಬೇರೆ ಅಧ್ಯಾಯ ಬರೆಯಲು ನೋಡಿದರು. ಸುಗ್ಗಿ ಅವರಿಗೆ ಬರೆಯುವ ಕಾಲವಲ್ಲ, ಪ್ರತಿ ತೆಗೆಯುವ ಕಾಲ. ಅವಸರದಲ್ಲಿ ಅತ್ತಿಯ ಬೈಗುಳ, ಗಂಡನ ಏಟು, ಎಲ್ಲಾರೂ ಬರೆಯುವಂಥದೇ ಎರಡು ಪುಟ ಸೇರಿಸಿ ಪಾರ್ಸಲ್ ಕಳಿಸಿದರು.

ಯುಗಾದಿಗೆ ಹಿರಿಯರು ಬಂದರು. ನಮ್ಮ ಪಡಸಾಲೆಯಲ್ಲಿ ಕೂತರು. ನಾದಿನಿಯನ್ನು ಕರೆದು, ಯಾಕ ಬಂದಿ ಎಂದು ಕೇಳಿದರು. ಅವಳು ಬಾಗಿಲಲ್ಲಿ ನಿಂತು, ನನಗೆ ಹೇಳಿದ್ದನ್ನೇ ಎಲ್ಲರೆದುರು ಹೇಳಿದಳು. ಎತ್ತು, ಚೀಲ, ಹಾಸಿಗೆ, ಒಂದೂ ಬಿಡಲಿಲ್ಲ. “ನಾ ಒಲ್ಲೆ” ಎಂದು ಒಳಗೆ ಹೋದಳು. ಬಂದವರು ಚಹಾ ಕುಡಿಯದೆ ಎದ್ದರು. ಸಂಜಿಯ ಹೊತ್ತಿಗೆ ಇಡೀ ಓಣಿಗೆ ಗೊತ್ತಾಗಿತ್ತು.

ಆಗಲಾದರೂ ನಾನು ಕಾಕಾನ ಹತ್ತಿರ ಹೋಗಿ ಖರೇ ಹೇಳಬಹುದಿತ್ತು. ಪುಸ್ತಕ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಹಾಳೆ ಸುಟ್ಟಿದ್ದರೇನು, ಅವರು ಮತ್ತೆ ಬರೆಯುತ್ತಿದ್ದರು. ಎದುರು ಮನೆಯಿಂದ ದಿನಾ ಅವರ ಬೆನ್ನು ನೋಡುತ್ತಿದ್ದೆ. ನಾಳೆ, ನಾಡಿದ್ದು ಎನ್ನುತ್ತ ಉಳಿದೆ…

ದಸರೆಯ ಸುಮಾರಿಗೆ ಪುಸ್ತಕ ಬಂತು. ಓದಿದವರೊಬ್ಬರು ಕಾಗದ ಬರೆದಿದ್ದರು. ಅದನ್ನು ಕಾಕಾ ನನಗೇ ಓದಲು ಕೊಟ್ಟರು. ಎಲ್ಲ ಚೆನ್ನಾಗಿದೆ, ಆದರೆ ಆಕೆ ತವರಿಗೆ ಬಂದ ಕಾರಣ ಮನಸ್ಸಿಗೆ ಮುಟ್ಟುವುದಿಲ್ಲ ಎಂದಿತ್ತು. ಕಾಕಾ ನಕ್ಕರು. “ಖರೇ ಬರದಾರ. ಆದ್ರ ಮಾತು ಆಕೀದು. ಆಕಿ ಬ್ಯಾಡ ಅಂದ ಮ್ಯಾಲ ನಂದೇನೈತಿ?”

ಆಗಲೂ ನಾನು ಬಾಯಿ ಬಿಡಲಿಲ್ಲ.

ಮುಂದೆ ಅವರು ಒಂದೇ ಒಂದು ಸಣ್ಣ ಕಾದಂಬರಿ ಬರೆದರು. ಕಣ್ಣು ಮಂಜಾದವು, ಸೂಜಿಗೆ ದಾರ ಏರಿಸಲು ಕಾಕು ಬೇಕಾಗುತ್ತಿದ್ದರು. ನಾವು ಗಜೇಂದ್ರಗಡಕ್ಕೆ ಮನೆ ಬದಲಿಸಿದ ಎರಡನೆಯ ವರ್ಷ ಅವರು ಹೋದ ಸುದ್ದಿ ಬಂತು. ನಾದಿನಿ ಅಷ್ಟರಲ್ಲಿ ಮುಲ್ಕಿ ಮುಗಿಸಿ, ಟ್ರೇನಿಂಗ್ ಮಾಡಿ, ಶಿರೋಳದ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರಾಗಿದ್ದಳು. ಬೇಸಿಗೆಯ ಸೂಟಿಗೆ ಬಂದಾಗ ಅವಳೆದುರು ಎಲ್ಲವನ್ನೂ ಹೇಳಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

“ನನ್ನ ಮ್ಯಾಲ ಬರದಿದ್ರಾ?” ಎಂದಳು. ಮುಖ ಒಮ್ಮೆಗೇ ಹುಡುಗಿಯ ಮುಖವಾಯಿತು. “ಒಂದು ಮಾತು ನನ್ನ ಕೇಳಿದ್ರ ಇರಲಿ ಬಿಡ್ರಿ ಅಂತಿದ್ದೆ, ವೈನಿ. ನೆನಪ ಇಲ್ಲದವರ ನಡುವ ಯಾರರೆ ಒಬ್ರು ನೆನಪ ಇಟ್ಟು ಬರದಿದ್ರಲ್ಲ.”

ಆಮೇಲೆ ಕೇಳಿದಳು: “ಅದರಾಗ ನನಗ ಹೆಸರೇನಿಟ್ಟಿದ್ರು?”

ಅಚ್ಚಾದ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಗುರುತು ಹತ್ತಬಾರದೆಂದು ಕಾಕಾ ಅದನ್ನೂ ಬದಲಿಸಿದ್ದರು. ಸುಟ್ಟ ಹಾಳೆಯಲ್ಲಿದ್ದ ಹೆಸರು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು, ಹೊರಗೆ ಬರಲಿಲ್ಲ. “ನೆನಪಾದ್ರ ಹೇಳ್ತೀನಿ” ಅಂದೆ. ಆಮೇಲೆ ಪ್ರತಿ ಸಲ ಸೂಟಿಗೆ ಬಂದಾಗಲೂ ಅವಳು ನನ್ನ ಮುಖ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಅವಳು ತೀರಿ ಹನ್ನೊಂದು ವರ್ಷವಾಯಿತು. ಮೊನ್ನೆ ಸೊಸೆ ಮಷಿನ್ ಮುಚ್ಚಿಟ್ಟು ಹೋದ ಮೇಲೆ ಬಹಳ ಹೊತ್ತು ಕೂತು ಒಂದೊಂದೇ ಹೆಸರು ಅಂದು ನೋಡಿದೆ. ಯಾವುದೂ ಅಲ್ಲ.