ಅಜ್ಜಿ ಹಸನು ಮಾಡಿದ ಮಣ್ಣು

ಅಲ್ಲ ಫ್ರೆಂಡ್ಸ್, ಮಣ್ಣಿನ ಚೀಲವನ್ನು ಅಜ್ಜಿಯ ಕಣ್ಣಿಗೆ ಬೀಳುವಂತೆ ಇಟ್ಟಿದ್ದೇ ನನ್ನ ತಪ್ಪು. ಗದಗಿನ ಹತ್ತಿರ ನಮ್ಮ ಮನೆ ಹಿಂದಿನ ಹೊಲಕ್ಕೆ ಹೊಂದಿಕೊಂಡೇ ಹಳೇ ಬ್ಯಾಟರಿ ಕರಗಿಸುವ ಶೆಡ್ ಇದೆ. ಹೊಲದ ಮಣ್ಣಿನಲ್ಲಿ ವಿಷದ ಸೀಸ ಸೇರಿದೆಯಾ ಅಂತ ನೋಡಿಸಲು ಆ ಚೀಲವನ್ನು ಇವತ್ತು ಲ್ಯಾಬಿಗೆ ಒಯ್ಯಬೇಕಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಿ ಅದನ್ನೆಲ್ಲ ಮೊರಕ್ಕೆ ಸುರಿದು ಜೋಳದ ಹಾಗೆ ಕೇರುತ್ತಿದ್ದಾಳೆ!

“ಅಜ್ಜೀ, ಏನ್ ಮಾಡಾಕತ್ತೀ?”

“ಮಂದಿ ಮುಂದ ಹೊಲಸು ಮಣ್ಣು ಇಡ್ತಾರೇನಲೇ? ಕರೀ ಹರಳೆಲ್ಲಾ ಆರಿಸಿ ಹೊರಗ ಒಗದೇನಿ.”

“ಅಯ್ಯೋ, ಅದನ್ನ ನೋಡಸಾಕನ ಒಯ್ಯಾಂವ ಇದ್ದೆ! ಎಲ್ಲಿ ಒಗದೀ?”

“ಎಲ್ಲಿಂದ ಬಂತೋ ಅಲ್ಲೇ, ಮೆಂತೆ ಮಡಿಗೆ.”

ಈಗ ನನ್ನ ತಾಟಿನಲ್ಲಿ ಬಿಸಿ ರೊಟ್ಟಿ, ಪಕ್ಕದಲ್ಲಿ ಅದೇ ಮಡಿಯ ಹಸಿ ಮೆಂತ್ಯ ಸೊಪ್ಪು. ಅಜ್ಜಿ ಎದುರಿಗೇ ಕೂತಿದ್ದಾಳೆ. ‘ಒಲ್ಲೆ’ ಅನ್ನುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ, ಹೇಳಿ ನೋಡೋಣ?