ಕೆಮ್ಮದೆ ಒಳಬಂದ ಸಂದೇಶ

ಮಾತಿನ ನಡುವೆ ಬಾಯಿ ಹಾಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ನಾನೇ ಆ ಪೈಕಿಯವನು ಎಂದು ನನ್ನ ಹೆಂಡತಿ ಹೇಳಲು ಹೊರಡುತ್ತಾಳೆ. ಆ ಮಾತನ್ನು ಪೂರ್ತಿ ಮಾಡಲು ನಾನಿನ್ನೂ ಬಿಟ್ಟಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಂಡಿಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದೆ. ಮೇಷ್ಟ್ರು ಎಂದರೆ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಎಳೆಯುವವನು. ಕೆಳಗೆ ಗಲ್ಲಾದ ಪಕ್ಕ ಒಂದು ಕಂಪ್ಯೂಟರ್, ಅಟ್ಟದ ಮೇಲೆ ಇನ್ನೊಂದು, ನಡುವೆ ನಾನೇ ಎಳೆದ ತಂತಿ. ಅಲ್ಲಿಯವರೆಗೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದ ಗುಮಾಸ್ತ ಬಸಣ್ಣ, ಈಗ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಮೇಲಕ್ಕೆ ಕಳಿಸುತ್ತಿದ್ದ. ಅದು ಮೇಲಿನ ಪರದೆಯ ನಟ್ಟನಡುವೆ ಒಂದು ಚೌಕವಾಗಿ, 'ಓಕೆ' ಎಂಬ ಗುಂಡಿ ಹೊತ್ತು ಧುತ್ತೆಂದು ಬಂದು ನಿಲ್ಲುತ್ತಿತ್ತು. ಅಂಗಡಿಯ ಗದ್ದಲ ಕಡಿಮೆಯಾಯಿತೆಂದು ನಾನು ಬೀಗುತ್ತಿದ್ದೆ.

ಅಟ್ಟದ ಮೇಲೆ ಕೂರುತ್ತಿದ್ದವರು ಗಿರಿಜಕ್ಕ. ದಿನಾ ಹರಿಹರದಿಂದ ಬಸ್ಸಿಗೆ ಬಂದು ಬಿಲ್ಲುಗಳನ್ನು ಟೈಪ್ ಮಾಡುವುದು ಅವರ ಕೆಲಸ. ಬೆರಳು ಪಳಗಿದ್ದು ಟೈಪ್‌ರೈಟರ್ ಮೇಲೆ. ಆ ವಿದ್ಯೆಯಲ್ಲಿ ಕಣ್ಣು ಎದುರಿಗಿಟ್ಟ ಕಾಗದದ ಮೇಲೇ ಇರಬೇಕು, ಅತ್ತಿತ್ತ ಹೊರಳಿದರೆ ಪಾಪ. ಕಂಪ್ಯೂಟರ್ ಬಂದ ಮೇಲೂ ಅವರು ಪರದೆ ನೋಡುತ್ತಿರಲಿಲ್ಲ. ಸಾಲು ಮುಗಿದಾಗ ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅವರ ತಮ್ಮ ಹರಿಹರದಿಂದ ಅಂಗಡಿಗೆ ಫೋನ್ ಮಾಡಿದ. ಲಾರಿ ಡ್ರೈವರ್, ವರ್ಷಕ್ಕೊಮ್ಮೆ ಮನೆಯ ಕಡೆ ಮುಖ ಹಾಕಿದರೆ ಅದೇ ಹೆಚ್ಚು. ಸಂಜೆಗೆ ಮತ್ತೆ ಹೊರಡಬೇಕು, ಅಕ್ಕ ಈಗಲೇ ಬರಲಿ ಎಂದ. ಬಸಣ್ಣ ಶ್ರದ್ಧೆಯಿಂದ ಅದನ್ನು ಕುಟ್ಟಿ ಕಳಿಸಿದ. ಮೇಲೆ ಚೌಕ ಮೂಡುವುದಕ್ಕೂ ಗಿರಿಜಕ್ಕನ ಬೆರಳು ಎಂಟರ್ ಒತ್ತುವುದಕ್ಕೂ ಸರಿಹೋಯಿತು. ಎಂಟರ್ ಒತ್ತಿದರೆ 'ಓಕೆ' ಒತ್ತಿದ ಲೆಕ್ಕವೇ. ಅಪ್ಪಣೆ ಸಿಕ್ಕಿತೆಂದುಕೊಂಡು ಚೌಕ ಮಾಯವಾಯಿತು. ರಾತ್ರಿ ಅವರು ಮನೆ ಮುಟ್ಟಿದಾಗ ತಮ್ಮ ಹೊರಟುಹೋಗಿದ್ದ. ಅವನು ಉಂಡ ತಟ್ಟೆಯನ್ನು ತಾಯಿ ತೊಳೆದು ಬೋರಲು ಹಾಕಿದ್ದರು.

"ಕಳಿಸಿದ್ನಲ್ರಿ ಅಕ್ಕಾರೆ," ಎಂದ ಮರುದಿನ ಬಸಣ್ಣ.

"ಮೆಟ್ಲತಾವ ನಿಂತು ಒಂದ್ ಕೂಗು ಹಾಕಿದ್ರೆ ಆಗ್ತಿತ್ತಲ್ಲ ಬಸಣ್ಣ," ಎಂದರು ಗಿರಿಜಕ್ಕ. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆಮೇಲೆ ನಾನು ನಮ್ಮ ಪೇಟೆಯನ್ನೇ ನೋಡತೊಡಗಿದೆ. ಪಕ್ಕದ ಕಾಳಿನ ಅಂಗಡಿಯಲ್ಲಿ ಸಾಹುಕಾರರು ಟವೆಲಿನಡಿ ಬೆರಳು ಹಿಡಿದು ದರ ಕುದುರಿಸುತ್ತಿರುವಾಗ ಸುದ್ದಿ ತಂದವನು ನಡುವೆ ನುಗ್ಗುವುದಿಲ್ಲ. ಚಪ್ಪಲಿ ಬಿಟ್ಟು, ಒಮ್ಮೆ ಕೆಮ್ಮಿ, ಅವರ ಕಣ್ಣಿಗೆ ಬೀಳುವ ಹಾಗೆ ಬಾಗಿಲ ಪಕ್ಕ ನಿಲ್ಲುತ್ತಾನೆ. "ಏನಪ್ಪ?" ಎಂದು ಕೇಳುವವರೆಗೆ ಕದಲುವುದಿಲ್ಲ. ಹಿಂದೆ ಅರಮನೆಯ ದ್ವಾರಪಾಲಕರ ಕೆಲಸವೂ ಇದೇ ಇದ್ದೀತು. ಅಷ್ಟೇಕೆ, ಶಿವನ ಮುಂದೆ ನಂದಿ ಎಷ್ಟು ಯುಗಗಳಿಂದ ಕೂತಿದ್ದಾನೆ. ಒಮ್ಮೆಯಾದರೂ ಅಡ್ಡ ಬಂದದ್ದುಂಟೇ? ಕಂಪ್ಯೂಟರ್ ಮಾಡಿದವರ ಓಣಿಯಲ್ಲಿ ಕೆಮ್ಮುವ ಪದ್ಧತಿ ಇರಲಿಲ್ಲವೆಂದು ಕಾಣುತ್ತದೆ.

ಪುಸ್ತಕ ನೋಡಿಕೊಂಡು, ತಲೆ ಕೆರೆದುಕೊಂಡು ನಾನೇ ಪ್ರೋಗ್ರಾಂ ಬರೆದು ಹೊಸ ಚೌಕವೊಂದನ್ನು ಮಾಡಿದೆ. ಅದು ಮೆಲ್ಲಗೆ 'ಟಿಣ್' ಎಂದು ಕೆಮ್ಮುತ್ತಿತ್ತು. ಪರದೆಯ ಕೆಳಮೂಲೆಯಲ್ಲಿ ಕೂರುತ್ತಿತ್ತು. ಎಂಟರಿಗೆ ಜಗ್ಗುತ್ತಿರಲಿಲ್ಲ, ಮೌಸ್ ಹಿಡಿದು ಒತ್ತಿದರೆ ಮಾತ್ರ ಏಳುತ್ತಿತ್ತು. ಜೀವಮಾನದಲ್ಲಿ ನಾನು ಮಾಡಿದ ಆವಿಷ್ಕಾರ ಇದೊಂದೇ. ಈಗ ಎಲ್ಲರ ಕಂಪ್ಯೂಟರಿನಲ್ಲೂ ಸಂದೇಶಗಳು ಮೂಲೆಯಲ್ಲೇ ಬಂದು ಕೂರುತ್ತವೆ. ಬರುವುದೇನೋ ವಿನಯದಿಂದ, ಆದರೆ ಸಂತೆಯಷ್ಟು ಜನ ಸಾಲಾಗಿ ಕೆಮ್ಮಿದರೆ ಕ್ಷಯದ ವಾರ್ಡಿನಲ್ಲಿ ಕೂತ ಹಾಗಾಗುತ್ತದೆ. ನಾನು ಯಾವುದನ್ನೂ ಓದದೆ ಎಲ್ಲವನ್ನೂ ಎಬ್ಬಿಸಿ ಕಳಿಸುತ್ತೇನೆ.

ಆಗ ಹಾಗಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಗಿರಿಜಕ್ಕನ ತಮ್ಮ ಮತ್ತೆ ಫೋನ್ ಮಾಡಿದ: ಸಂಜೆ ಮನೆಗೆ ಬರುತ್ತೇನೆ, ರಾತ್ರಿ ಇರುತ್ತೇನೆ. ಅಟ್ಟದ ಮೇಲೆ 'ಟಿಣ್' ಎಂದಿತು. ಗಿರಿಜಕ್ಕ ಸಾಲು ಮುಗಿಸಿ, ತಿರುಗಿ, ಓದಿದರು. ಮಧ್ಯಾಹ್ನ ನಾನು ಮೇಲೆ ಹೋದಾಗಲೂ ಚೌಕ ಅಲ್ಲೇ ಕೂತಿತ್ತು, ಬಿಲ್ಲಿನ ಮೊತ್ತವನ್ನು ಅರ್ಧ ಮುಚ್ಚಿಕೊಂಡು.

"ಓದಿದ್ರಲ್ಲಕ್ಕ, ಒತ್ತಿ ತೆಗೀರಿ. ಕೆಲ್ಸಕ್ಕೆ ಅಡ್ಡ ಐತೆ."

"ಬ್ಯಾಡ ಬಿಡ್ರಿ, ಕುಂತಿರ್ಲಿ. ಎಷ್ಟು ದಿನದ ಮ್ಯಾಲೆ ಬರಾಕತ್ತಾನೆ."

ಟೈಪ್ ಮಾಡುವಾಗ ತಲೆಯನ್ನೇ ಎತ್ತದ ಗಿರಿಜಕ್ಕ ಆ ದಿನ ಸಾಲಿಗೊಮ್ಮೆ ತಲೆ ಎತ್ತಿ ಮೂಲೆಯನ್ನು ನೋಡುತ್ತಿದ್ದರು. ಬಿಲ್ಲುಗಳ ತುಂಬ ತಪ್ಪು ಬಿದ್ದವು. ಸಂಜೆ ಅವರನ್ನು ಬೇಗ ಬಸ್ಸಿಗೆ ಕಳಿಸಿ, ಅವನ್ನೆಲ್ಲ ನಾನೇ ತಿದ್ದಿದೆ.