ಬಣ್ಣ ತೊಳೆದ ಮೇಲಿನ ಅಕ್ಕ

ಯಕ್ಷಗಾನದ ಆಟದ ಮರುದಿನ ಅಕ್ಕನ ಮೇಲ್ತುಟಿಯ ಮೇಲೆ ಮೀಸೆಯ ಕಪ್ಪು ಇನ್ನೂ ಸ್ವಲ್ಪ ಉಳಿದಿರುತ್ತಿತ್ತು. ಎಷ್ಟು ಕೊಬ್ಬರಿ ಎಣ್ಣೆ ತಿಕ್ಕಿದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಹೋಗಲಿ ಎಂಬ ಆಸೆಯೂ ಅವರಿಗೆ ಇರಲಿಲ್ಲವೆಂದು ನನ್ನ ಗುಮಾನಿ. ಆ ಮೀಸೆಯಲ್ಲೇ ತೀರ್ಥಹಳ್ಳಿಯ ಸೊಸೈಟಿಯ ಕೌಂಟರಿನಲ್ಲಿ ಕೂತು, ಗೊಬ್ಬರ ಬಂತಾ ಎಂದು ಕೇಳಿದವರಿಗೆ “ನಾಳೆ ಬನ್ನಿ” ಎನ್ನುತ್ತಿದ್ದರು. ಹಿಂದಿನ ಸಂಜೆ ರಂಗದ ಮೇಲೆ ರಾಜನಾಗಿ ಗುಡುಗಿದವರ ಎದುರು ಯಾರೂ ಮರುಮಾತಾಡುತ್ತಿರಲಿಲ್ಲ.

ನಮ್ಮ ಹೆಂಗಸರ ಯಕ್ಷಗಾನ ತಂಡಕ್ಕೆ ಗುರು, ಮುಖ್ಯ ಗಂಡುವೇಷ, ಬೈಯುವ ಅಧಿಕಾರ ಎಲ್ಲವೂ ಅವರದೇ. ಹೊಸನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಭಾನುವಾರದ ತರಗತಿಗೆ ಸದಾ ತಡ. “ಬಂದ್ರಾ ಮಹಾರಾಣಿಯೋರು? ಗೆಜ್ಜೆ ಕಟ್ಕಳಿ” ಎನ್ನುತ್ತಿದ್ದರು. ಹೆಜ್ಜೆ ತಪ್ಪಿದರೆ ಬಿಡುತ್ತಿದ್ದರು, ಕುಗ್ಗಿ ನಿಂತರೆ ಬಿಡುತ್ತಿರಲಿಲ್ಲ. “ಎದೆ ಸೆಟೆಸಿ ನಿಲ್ರೇ. ತಪ್ಪು ಮಾಡೋದಿದ್ರೂ ಧೈರ್ಯವಾಗಿ ಮಾಡಿ.”

ಅವರ ಎಡಗಡೆಯ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದರು. ಗಡ್ಡೆಯನ್ನೂ ಅದರ ಸುತ್ತಲಿನ ಒಂದಿಷ್ಟನ್ನೂ ತೆಗೆದು, ವಾರಗಟ್ಟಲೆ ರೇಡಿಯೇಶನ್ ಕೊಟ್ಟರು. ರೋಗವೇನೋ ಹೋಯಿತು. ಆದರೆ ಆ ಬದಿ ಗುಳಿಬಿದ್ದು ಗಟ್ಟಿಯಾಯಿತು. ನಮ್ಮನ್ನು ಅಷ್ಟು ಬೈಯುತ್ತಿದ್ದವರು ಈಗ ತಾವೇ ಎಡಭುಜ ಮುಂದಕ್ಕೆ ತಂದು, ಸೆರಗನ್ನು ಮತ್ತೆ ಮತ್ತೆ ಎಳೆದುಕೊಂಡು ನಿಲ್ಲತೊಡಗಿದರು.

ವರ್ಷ ಕಳೆದ ಮೇಲೆ ಒಂದು ಭಾನುವಾರ ಅಭ್ಯಾಸ ನಿಲ್ಲಿಸಿ ವಿಷಯ ಹೇಳಿದರು. ಬೆನ್ನಿನ ಮಾಂಸವನ್ನೇ ತಿರುಗಿಸಿ ಮುಂದೆ ತಂದು ಆ ಗುಳಿ ತುಂಬಿಸಬಹುದಂತೆ. ಕೆಲವು ತಿಂಗಳು ಎಡಗೈಯಲ್ಲಿ ಶಕ್ತಿ ಇರುವುದಿಲ್ಲ, ಬಿಲ್ಲು ಹಿಡಿದು ಮೊದಲಿನಂತೆ ಕುಣಿಯಲು ಆಗದೆಯೂ ಹೋಗಬಹುದಂತೆ. “ಮಾಡಿಸ್ಕಳ್ತೀನಿ” ಅಂದರು.

ತಂಡದ ಹಿರಿಯ ಹೆಂಗಸೊಬ್ಬರು ಬಾಯಿಬಿಟ್ಟರು. “ಅಲ್ಲ ಅಕ್ಕ, ನೀವು ಹಾಕೋದೇ ಗಂಡುವೇಷ. ಹ್ಯಾಂಗೂ ಎದೆಗೆ ಬಟ್ಟೆ ಬಿಗೀತೀರಿ. ಒಂದು ಬದಿ ತಗ್ಗಿದ್ರೆ ಯಾರಿಗೆ ಗೊತ್ತಾಗ್ತದೆ? ಕುಣಿಯೋ ಕೈ ಕಳ್ಕಂಡ್ರೆ ಏನು ಗತಿ?”

ಅಕ್ಕನಿಗೆ ಸಿಟ್ಟು ಬರಲಿಲ್ಲ. “ನೋಡು ಮಾರಾಯ್ತಿ, ಬಟ್ಟೆ ಬಿಗಿಯೋದು ನನ್ನಿಷ್ಟ. ಇದು ನಾನು ಇಷ್ಟಪಟ್ಟಿದ್ದಲ್ಲ. ಬಣ್ಣ ತೊಳೆದ ಮೇಲೆ ಮನೆಗೆ ಹೋಗೋಳು ನಾನು, ರಾಜ ಅಲ್ಲ.”

ಆಪರೇಷನ್ ಆಗಿ ಬಂದಾಗ ತಲೆ ಬಾಚಿಕೊಳ್ಳಲೂ ಅವರಿಗೆ ಕೈ ಏಳುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತೇ ನಮಗೆ ಬೈದರು. ಗೋಡೆಗೆ ಬೆರಳು ಹಚ್ಚಿ ದಿನಕ್ಕಿಷ್ಟು ಮೇಲಕ್ಕೆ ಏರಿಸಿದರು. ಒಂದು ದಿನ ಬಿಲ್ಲು ಕೈಜಾರಿ ಬಿದ್ದಾಗ ಮುಖ ಸಣ್ಣದಾಯಿತು. “ತಪ್ಪು ಮಾಡಿದ್ನೇನೇ?” ಎಂದು ನನ್ನನ್ನು ಕೇಳಿದರು. ಅಷ್ಟು ಕೇಳಿ ತಾವೇ ಬಗ್ಗಿ ಬಿಲ್ಲು ಎತ್ತಿಕೊಂಡರು.

ಮರುವರ್ಷ ಸಾಗರದಲ್ಲಿ ನಮ್ಮ ಆಟ. ಅಕ್ಕ ಮೊದಲಿನಷ್ಟು ಗಿರಕಿ ಹೊಡೆಯಲಿಲ್ಲ, ನಿಜ. ಆದರೆ ಬಿಲ್ಲೆತ್ತಿ ರಂಗದ ನಡುವೆ ನಿಂತ ನಿಲುವು ನೋಡಿ ನನಗೆ ಅಳುವೇ ಬಂತು. ಆಟ ಮುಗಿದು, ವೇಷ ಬಿಚ್ಚುವ ಚೌಕಿಯಲ್ಲಿ ಹೆಂಗಸರೇ ಇದ್ದಾಗ ನಾನು ಅವರ ಎದೆಯ ಬಟ್ಟೆ ಸುತ್ತು ಬಿಚ್ಚುತ್ತಿದ್ದೆ. ಎಲ್ಲರೂ ಓರೆಗಣ್ಣಲ್ಲಿ ನೋಡುವವರೇ.

“ಕದ್ದು ಎಂತಕ್ಕೆ ನೋಡ್ತೀರೇ? ಹತ್ರ ಬನ್ನಿ” ಎಂದು ಅಕ್ಕ ತಿರುಗಿ ನಿಂತರು. ಬೆನ್ನಲ್ಲಿ ಉದ್ದನೆಯ ಗೀಟು. ಮುಂದೆ ಸುತ್ತಲೂ ಹೊಲಿಗೆಯ ಗುರುತು, ಚರ್ಮದ ಬಣ್ಣ ಸ್ವಲ್ಪ ಬೇರೆ, ಆದರೆ ತುಂಬಿಕೊಂಡ ಎದೆ. ನಾನು ಹೆದರಿಕೊಂಡಿದ್ದಂಥದ್ದು ಅಲ್ಲಿ ಏನೂ ಇರಲಿಲ್ಲ.

ಎಲ್ಲರೂ ಆಚೆ ಹೋದ ಮೇಲೆ ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು. “ಅಕ್ಕಾ, ನಂಗೂ ಇಲ್ಲೊಂದು ಗಂಟು ಸಿಕ್ತಾ ಇದೆ.”

“ಯಾವಾಗಿಂದ?”

“ಮಳೆಗಾಲದಿಂದ. ಯಾರಿಗೂ ಹೇಳಿಲ್ಲ.”

ಅಯ್ಯೋ ಅನ್ನಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಅರ್ಧ ಮುಖದಲ್ಲಿ ಬಣ್ಣ ಇದ್ದ ಹಾಗೆಯೇ ಮೊಬೈಲ್ ತೆಗೆದು ತಮ್ಮ ಡಾಕ್ಟರಿಗೆ ಫೋನ್ ಮಾಡಿದರು.

ಪರೀಕ್ಷೆಯಲ್ಲಿ ನನ್ನದೂ ಕ್ಯಾನ್ಸರ್ ಎಂದೇ ಬಂತು. ಗಡ್ಡೆ ಇನ್ನೂ ಚಿಕ್ಕದಿದೆ, ಅಷ್ಟನ್ನೇ ತೆಗೆದರೆ ಸಾಕು ಅಂದರು ಡಾಕ್ಟರು. ಬೇಕಿದ್ದರೆ ಅದೇ ಆಪರೇಷನ್ನಿನಲ್ಲಿ ಆಕಾರವನ್ನೂ ಸರಿಪಡಿಸುತ್ತೇವೆ ಅಂದರು.

“ಜೀವ ಉಳಿದ್ರೆ ಸಾಕು ಡಾಕ್ಟ್ರೇ, ಅದೆಲ್ಲ ಎಂತಕ್ಕೆ?” ಅಂದರು ನನ್ನ ಗಂಡ. ಪಾಪ, ಹೆದರಿ ಆಡಿದ ಮಾತು ಅದು.

ಅಕ್ಕ ಪಕ್ಕದ ಕುರ್ಚಿಯಲ್ಲಿದ್ದರು. ಅವರು ಏನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ಕೂತ ಅಕ್ಕನನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಮುಖವನ್ನೇ ನೋಡುತ್ತಿದ್ದರು.

“ಬೇಕು ಡಾಕ್ಟ್ರೇ” ಅಂದೆ.